ಅರ್ಧ ಬೆರಳು ಜಾಗ

ಕಟಿಂಗ್ ಮಷಿನ್ನಿನ ಬ್ಲೇಡು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ನಡುವಿನ ಹಾಳೆಯನ್ನು. ಪತ್ರಿಕೆ ಓದುವವರಿಗೆ ಇದು ಗೊತ್ತಿರುವುದಿಲ್ಲ. ಬರೆಯುವವರಿಗೂ ಗೊತ್ತಿರುವುದಿಲ್ಲ. ಮಡಿಸುವವರಿಗೆ ಗೊತ್ತು.

ಹದಿನಾರು ಪುಟ ಅಚ್ಚಾದ ಒಂದು ದೊಡ್ಡ ಹಾಳೆ. ಅದನ್ನು ಪ್ರೆಸ್ಸಿನಲ್ಲಿ ಫಾರಂ ಅನ್ನುತ್ತಾರೆ. ಮೂರು ಸಲ ಮಡಿಸಬೇಕು. ಮಡಿಸಿದ ಫಾರಂಗಳನ್ನು ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ತೂರಿಸಬೇಕು. ಬೆನ್ನಿಗೆ ಎರಡು ಪಿನ್ನು ಹೊಡೆಯಬೇಕು. ಆಮೇಲೆ ಮೂರು ಕಡೆ ಅಂಚು ಕತ್ತರಿಸಬೇಕು. ತೂರಿಸಿದ್ದು ಜಾಸ್ತಿಯಾದಷ್ಟೂ ನಡುವಿನ ಹಾಳೆ ಮುಂದಕ್ಕೆ ಚಾಚಿಕೊಂಡು ಬರುತ್ತದೆ, ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವನ ಹಾಗೆ. ಏನಾದರೂ ಸವರಿಕೊಂಡು ಹೋದರೆ ಮೊದಲು ಹೋಗುವವನು ಅವನೇ.

ಮಡಿಕೆಯಕ್ಕ ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷ. ನೆಲಮಾಳಿಗೆಯ ಬೈಂಡಿಂಗ್ ರೂಮು, ತಗಡು ಹೊದಿಸಿದ ಉದ್ದನೆಯ ಮೇಜು, ಮೇಲೊಂದು ಟ್ಯೂಬ್‌ಲೈಟು. ಕೈಯಲ್ಲಿ ನುಣುಪಾದ ಬಿದಿರಿನ ಪಟ್ಟಿ. ಮಡಿಸು, ಪಟ್ಟಿಯಿಂದ ಎಳೆ. ತಿರುಗಿಸು, ಮಡಿಸು, ಎಳೆ. ದಿನಕ್ಕೆ ಎರಡೂವರೆ ಸಾವಿರ ಸಲ. ಬಲಗೈ ಹೆಬ್ಬೆರಳಿನ ಉಗುರು ಸವೆದು ಸವೆದು ಬೆಳೆಯುವುದನ್ನೇ ಬಿಟ್ಟಿದೆ. ಬೆರಳ ತುದಿಯಲ್ಲಿ ಗೆರೆಗಳಿಲ್ಲ. ಬೆರಳೊತ್ತಿ ಹಾಜರಿ ಹಾಕುವ ಯಂತ್ರ ತಂದಾಗ ಎಲ್ಲರದ್ದನ್ನೂ ಅದು ಗುರುತಿಸಿತು, ಇವಳದ್ದನ್ನು ಬಿಟ್ಟು. "ನೀನು ಬಂದೇ ಇಲ್ಲ ಅಂತಿದೆ ಕಣೇ ಇದು! ಹಂಗಾದ್ರೆ ಇಷ್ಟು ವರ್ಷ ನನ್ನೆದುರು ಕೂತು ನನ್ನ ತಲೆ ತಿಂದಿದ್ದು ಯಾರು?" ಎಂದು ಪಿನ್ನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಪಿನ್ನಕ್ಕ ಪಿನ್ನು ಹೊಡೆಯುವವಳು. ಬಾಯಿಯೂ ಹಾಗೇ. ಹೊಡೆದರೆ ಬೆನ್ನು ದಾಟಿ ಹೊಟ್ಟೆಗೆ ಬರಬೇಕು.

ಮೂಲೆಯ ಕಟಿಂಗ್ ಮಷಿನ್ ನಡೆಸುವವರು ಬ್ಲೇಡಣ್ಣ. ಗೋಡೆಯ ಆಚೆಗೆ ಅಚ್ಚಿನ ಮಷಿನ್ನು. ಅದನ್ನು ಇಪ್ಪತ್ತೆರಡು ವರ್ಷ ನಡೆಸಿದವರು ಮಸಿಯಣ್ಣ. ಮಡಿಕೆಯಕ್ಕನ ಗಂಡ. ತೀರಿಕೊಂಡು ಮೂರು ತಿಂಗಳಾಯಿತು.

ಪತ್ರಿಕೆಯ ಆಫೀಸು ಇದೇ ಕಟ್ಟಡದ ಮೂರನೇ ಮಹಡಿ. ಅಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಹಳೆಯ ಮುಖಪುಟಗಳು. ಕೆಳಗಿನವರು ಮೇಲೆ ಹೋಗುತ್ತಾರೆ, ಬಂಡಲ್ ಹೊತ್ತುಕೊಂಡು. ಮೇಲಿನವರು ಕೆಳಗೆ ಬರುವುದಿಲ್ಲ. ಸೀಮೆಎಣ್ಣೆ ವಾಸನೆಗೆ ತಲೆನೋವು ಬರುತ್ತದಂತೆ.

ಆ ಸೀಮೆಎಣ್ಣೆಯಲ್ಲೇ ಮಸಿಯಣ್ಣ ಇಪ್ಪತ್ತೆರಡು ವರ್ಷ ಕೈಯಾಡಿಸಿದರು. ಬಣ್ಣ ಬದಲಿಸುವಾಗೆಲ್ಲ ರೋಲರ್ ಒರೆಸಬೇಕು. ಬಟ್ಟೆ ಅದ್ದು, ಒರೆಸು, ಹಿಂಡು. ಒಮ್ಮೆ ಕೈಗವಸು ಕೇಳಿದ್ದರು. ಮುಂದಿನ ತಿಂಗಳು ಎಂದರು. ಆ ತಿಂಗಳು ಇನ್ನೂ ಬಂದಿಲ್ಲ. ಮೊದಲು ಬೆರಳ ಸಂದಿ ಬಿರಿಯಿತು. ಆಮೇಲೆ ಕೆಮ್ಮು. ಆಮೇಲೆ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ. ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಏನು ಕೆಲಸ ನಿಮ್ಮದು?" ಎಂದು ಕೇಳಿದ್ದರು. ಪತ್ರಿಕೆಯ ಹೆಸರು ಹೇಳಿ, ಅದನ್ನು ಅಚ್ಚು ಹಾಕುತ್ತೇನೆ ಎಂದರು ಮಸಿಯಣ್ಣ. "ಓಹೋ! ನಮ್ಮ ಮನೆಗೂ ಬರುತ್ತೆ. ಬಣ್ಣ ಎಷ್ಟು ಚೆನ್ನಾಗಿರುತ್ತೆ!" ಎಂದರು ಡಾಕ್ಟರು. ಮಸಿಯಣ್ಣ ಆ ಮಾತು ಕೇಳಿ ಕೆಮ್ಮುತ್ತಲೇ ನಕ್ಕರು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡರು. ಬಣ್ಣ ಚೆನ್ನಾಗಿರುತ್ತೆ ಅಂದ್ರು ನೋಡು.

ಅಂಥ ಮನುಷ್ಯ. ಫಾರಂನಲ್ಲಿ ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ. ಅವರು ಹಾಳೆ ತಿರುಗಿಸದೇ, ನೇರ ಅಕ್ಷರದಷ್ಟೇ ಸರಾಗವಾಗಿ ಅವನ್ನೂ ಓದುತ್ತಿದ್ದರು. ಧಾರಾವಾಹಿಯ ಮುಂದಿನ ಕಂತು ಊರಿಗೆಲ್ಲ ತಿಳಿಯುವ ಎರಡು ದಿನ ಮೊದಲು ಅವರಿಗೆ ತಿಳಿದಿರುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಅಡ್ಡಗಟ್ಟುತ್ತಿದ್ದರು: "ಮಸಿಯಣ್ಣ, ಅವಳು ಗಂಡನ ಹತ್ರ ವಾಪಸ್ ಬರ್ತಾಳಾ?"

"ಗುರುವಾರ ಗೊತ್ತಾಗುತ್ತೆ ಕಣ್ರಮ್ಮ."

ಮನೆಯಲ್ಲಿ ತಾಯಿ ಕಾಡುತ್ತಿದ್ದರು: "ನನಗಾದ್ರೂ ಹೇಳೋ. ನಾನು ಗುರುವಾರದ ತನಕ ಇರ್ತೀನೋ ಇಲ್ವೋ."

"ಇರಬೇಕು ಅಂತಲೇ ಹೇಳ್ತಾ ಇಲ್ಲಮ್ಮ."

ಅಮ್ಮ ಇದ್ದರು. ಹೋದದ್ದು ಮಗ.

ಹೋಗುವ ಎರಡು ತಿಂಗಳು ಮುಂಚೆ ಫೋಟೋದ ದಿನ ಬಂದಿತ್ತು. ಪತ್ರಿಕೆಗೆ ಇಪ್ಪತ್ತೈದು ತುಂಬುತ್ತಿತ್ತು. ವಿಶೇಷ ಸಂಚಿಕೆ, ನಡುವಿನ ಎರಡು ಪುಟದ ತುಂಬ ಎಲ್ಲರ ಚಿತ್ರ. ತಲೆಬರಹ ಆಗಲೇ ಸಿದ್ಧ: "ನಮ್ಮ ಮನೆ, ನಮ್ಮವರು." ಕೆಳಗಿನಿಂದ ಒಬ್ಬರು ಸಾಕು ಎಂದು ಮ್ಯಾನೇಜರು ಹೇಳಿ ಕಳಿಸಿದರು. ಬ್ಲೇಡಣ್ಣ ಮತ್ತು ಹೆಂಗಸರೆಲ್ಲ ಸೇರಿ ಮಸಿಯಣ್ಣನನ್ನು ದಬ್ಬಿದರು. ಅವರು ಮಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಮೂರೂ ಮಹಡಿ ದಾಟಿ ತಾರಸಿಗೆ ಹೋದರು. ಇಪ್ಪತ್ತಾರು ಜನ ಸಾಲಾಗಿ ನಿಂತಿದ್ದರು. ನಡುವೆ ಒಂದು ಕಡೆ ಜಾಗವಿತ್ತು. ಅಲ್ಲಿಗೆ ಹೋದರು. "ಏಯ್, ಇಲ್ಲಲ್ಲ. ಅಂಚಿಗೆ ಹೋಗು, ಬಟ್ಟೆಗೆ ಮಸಿ ತಾಗುತ್ತೆ," ಎಂದರು ಮ್ಯಾನೇಜರು. ಮಸಿಯಣ್ಣ ಅಂಚಿಗೆ ಹೋದರು. ಅಲ್ಲಿಯೂ ಪಕ್ಕದವರಿಂದ ಒಂದು ಗೇಣು ಸರಿದು ನಿಂತರು.

ಆ ಸಂಜೆ ಇದನ್ನು ಅವಮಾನ ಎಂದು ಹೇಳಲಿಲ್ಲ. ಖುಷಿಯಲ್ಲೇ ಹೇಳಿದರು: "ಎಡಗಡೆ ಕೊನೆಯವನು ನಾನೇ ಅಮ್ಮ. ಹುಡುಕೋದೇ ಬೇಡ, ನಿನ್ನ ಕಣ್ಣಿಗೂ ಸುಲಭ."

ತಾಯಿಯ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದಕ್ಕೆ ಪೊರೆ. ಏನನ್ನಾದರೂ ಮೂಗಿನ ಹತ್ತಿರ ಹಿಡಿದರೆ ಮಬ್ಬಾಗಿ ಕಾಣುತ್ತದೆ. "ಇಪ್ಪತ್ತೆರಡು ವರ್ಷ ಊರವರ ಮುಖ ಎಲ್ಲಾ ಅಚ್ಚು ಹಾಕಿದೆ. ಒಂದ್ಸಲ ನಿನ್ನ ಮುಖ. ಅದನ್ನ ನೋಡಿ ಆಮೇಲೆ ಈ ಕಣ್ಣು ಹೋದ್ರೂ ಹೋಗಲಿ," ಎಂದಿದ್ದರು.

ಮಗನನ್ನು ಕಳಿಸಿಕೊಟ್ಟ ಮೇಲೆ ಆ ಮಾತು ಗಟ್ಟಿಯಾಗಿ ಕೂತುಬಿಟ್ಟಿತು. ಪ್ರತಿ ಗುರುವಾರ ಸೊಸೆ ಬಾಗಿಲು ದಾಟುವ ಮೊದಲೇ ಕೇಳುತ್ತಿದ್ದರು: "ಪುಸ್ತಕ ಬಂತಾ?"

"ಇಲ್ಲ ಅತ್ತೆ. ವಿಶೇಷದ್ದು, ಸ್ವಲ್ಪ ತಡ."

"ತಡ ಆಗಲಿ. ನಾನೇನು ಓಡಿ ಹೋಗ್ತೀನಾ."

*

ಮಂಗಳವಾರ ಬೆಳಗ್ಗೆ ಕೊನೆಯ ಫಾರಂ ಬಂತು. ನಡುವಿನದು. ಮೂರು ಸಾವಿರ ಹಾಳೆ, ಇನ್ನೂ ಮಸಿಯ ಬಿಸಿಬಿಸಿ ವಾಸನೆ. ಬುಧವಾರ ಸಂಜೆ ದೊಡ್ಡ ಸಭಾಂಗಣದಲ್ಲಿ ಬಿಡುಗಡೆ.

ಮಡಿಕೆಯಕ್ಕ ಮೇಲಿನ ಹಾಳೆ ಎತ್ತಿದಳು. ಎಡಗಡೆ ನೋಡಿದಳು. ಇದ್ದರು. ಅಂಗಿಯ ತೋಳು ಮಡಿಸಿ, ಕೈ ಹಿಂದೆ ಕಟ್ಟಿ, ಗಲ್ಲ ಸ್ವಲ್ಪ ಮೇಲಕ್ಕೆತ್ತಿ. ಬೆರಳುಗುರಿನಷ್ಟು ಮುಖ. ಆ ಉಗುರಿನಷ್ಟರಲ್ಲೇ ಮನುಷ್ಯ ಪೂರ್ತಿ ಇದ್ದರು.

"ಬಂದ್ರಾ?" ಎಂದು ಪಿನ್ನಕ್ಕ ಓಡಿಬಂದಳು. ಮೇಜಿನ ಹೆಂಗಸರೆಲ್ಲ ಬಂದರು. ಬ್ಲೇಡಣ್ಣ ಕನ್ನಡಕ ಹುಡುಕಿಕೊಂಡು ಬಂದರು. "ಅಯ್ಯೋ, ಸಂಪಾದಕರಿಗಿಂತ ಇವರೇ ಯಜಮಾನರ ಹಂಗೆ ನಿಂತಿದಾರಲ್ಲೇ!" ಎಂದಳು ಪಿನ್ನಕ್ಕ. ಎಲ್ಲರೂ ನಕ್ಕರು. ಮಡಿಕೆಯಕ್ಕನೂ ನಕ್ಕಳು, ಮೂರು ತಿಂಗಳಲ್ಲಿ ಮೊದಲ ಸಲ. ನಗುತ್ತಲೇ ಹಾಳೆಯನ್ನು ಮಡಿಸಿದಳು. ಒಂದು. ಎರಡು. ಮೂರು.

ಮೂರನೇ ಮಡಿಕೆಗೆ ಹೆಬ್ಬೆರಳು ನಿಂತುಬಿಟ್ಟಿತು.

ಪ್ರತಿ ವಾರ ನಲವತ್ತು ಪುಟ. ಈ ಸಲ ತೊಂಬತ್ತಾರು. ಹಿಂದಿನ ಐದೂ ಫಾರಂಗಳನ್ನು ತಂದು ಒಂದರೊಳಗೊಂದು ತೂರಿಸಿದಳು, ಇದನ್ನು ಎಲ್ಲಕ್ಕಿಂತ ಒಳಗಿಟ್ಟಳು, ಬೆನ್ನು ಒತ್ತಿ ಹಿಡಿದಳು. ನಡುವಿನ ಹಾಳೆ ನಾಲಿಗೆ ಚಾಚಿದ ಹಾಗೆ ಹೊರಗೆ ಬಂತು. ಬ್ಲೇಡು ಎಲ್ಲಿ ಬೀಳುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು, ನಡು ತೆರೆದು ನೋಡಿದಳು. ಗೆರೆ ಗಂಡನ ಭುಜದ ಮೇಲೆ ಇಳಿದಿತ್ತು. ಮುಖ ಆಚೆ ಇತ್ತು.

ಬ್ಲೇಡಣ್ಣ ನೋಡಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ಮಡಿಕೆಯಕ್ಕ ಆ ಕಟ್ಟನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿದಳು. ಡಿಸೈನರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದ. ಪುಟ ಕಟ್ಟುವುದರಲ್ಲಿ ಜಾಣ, ಮನುಷ್ಯನೂ ಕೆಟ್ಟವನಲ್ಲ.

"ಸರ್, ನಡುವಿನ ಚಿತ್ರದಲ್ಲಿ ನಮ್ಮನೆಯವರು ಕಟ್ಟಾಗಿ ಹೋಗ್ತಾರೆ."

"ಇಲ್ಲಕ್ಕ, ಇದಾರೆ ನೋಡಿ." ಅವನು ಚಿತ್ರವನ್ನು ತೆರೆದು ದೊಡ್ಡದು ಮಾಡಿದ. ಇನ್ನೂ ದೊಡ್ಡದು. ಪರದೆಯ ತುಂಬ ಗಂಡನ ಮುಖ. ಕಿವಿಯ ಹಿಂದೆ ಅಂಟಿದ ಮಸಿ, ಹುಬ್ಬಿನ ನಡುವೆ ಒಂದೇ ಬಿಳಿ ಕೂದಲು. ಇಷ್ಟು ದೊಡ್ಡದಾಗಿ ಅವಳು ಎಂದೂ ನೋಡಿರಲಿಲ್ಲ. ಬಂದ ಕೆಲಸ ಮರೆತು ನಿಂತಳು. ಆಮೇಲೆ ಹೇಳಿದಳು: "ನಿಮ್ಮ ಪರದೆಗೆ ಬ್ಲೇಡ್ ಇಲ್ಲ ಸರ್."

ಕಟ್ಟನ್ನು ಅವನ ಕೈಗಿಟ್ಟಳು. ಬೆನ್ನು ಒತ್ತಿ ತೋರಿಸಿದಳು. ಅವನು ಇಯರ್‌ಫೋನ್ ಕಿತ್ತ. ನಾಲಿಗೆ ಕಚ್ಚಿಕೊಂಡ. ಎಂದಿನ ನಲವತ್ತು ಪುಟಕ್ಕೆ ಬಿಡುವಷ್ಟೇ ಅಂಚನ್ನು ತೊಂಬತ್ತಾರು ಪುಟಕ್ಕೂ ಬಿಟ್ಟಿದ್ದ.

"ಎಷ್ಟು ಹೋಗುತ್ತೆ?"

"ಅರ್ಧ ಬೆರಳು."

"ಚಿತ್ರ ಒಂಚೂರು ಚಿಕ್ಕದು ಮಾಡಿ ಈ ಒಂದು ಫಾರಂ ಮತ್ತೆ ಹಾಕಿದ್ರೆ ಸರಿಹೋಗುತ್ತೆ ಅಕ್ಕ. ನಾನು ಹೇಳ್ತೀನಿ, ಬನ್ನಿ."

ಅವನು ಸಂಪಾದಕರ ಕೋಣೆಗೆ ಹೋದ. ಗಾಜಿನ ಈಚೆಯಿಂದ ಅವಳು ನೋಡಿದಳು. ಅವನ ಕೈ ಆಡುತ್ತಿತ್ತು. ಸಂಪಾದಕರು ಒಮ್ಮೆ ಚಿತ್ರ ನೋಡಿದರು, ಎರಡು ಸಲ ಗಡಿಯಾರ ನೋಡಿದರು. ಅವನ ಕೈ ಆಡುವುದು ನಿಂತಿತು. ಹೊರಗೆ ಬಂದವನು ಅವಳ ಮುಖ ನೋಡಲಿಲ್ಲ.

"ಸರ್ ಕೆಳಗೆ ಬರ್ತಾರಂತೆ ಅಕ್ಕ."

*

ಸಂಪಾದಕರು ಕೆಳಗೆ ಬಂದರು. ಮೂಗಿಗೆ ಕರವಸ್ತ್ರ. ಹಿಂದೆ ಮ್ಯಾನೇಜರು. ಕೂತವರೆಲ್ಲ ಎದ್ದು ನಿಂತರು. ಸಂಪಾದಕರ ಮಾತು ಯಾವಾಗಲೂ ಮೆತ್ತಗೆ, ಅವರ ಸಂಪಾದಕೀಯದ ಹಾಗೇ. ದುಡಿಯುವವರ ಬಗ್ಗೆ ಅವರು ಬರೆದದ್ದನ್ನು ಮಸಿಯಣ್ಣ ಎಷ್ಟೋ ಸಲ ಮನೆಯಲ್ಲಿ ಗಟ್ಟಿಯಾಗಿ ಓದಿದ್ದುಂಟು.

"ನೋಡಮ್ಮ, ಅವನು ನಮ್ಮ ಆಸ್ತಿ. ನನಗೆ ಬೇಜಾರಿಲ್ವಾ? ಆದ್ರೆ ನಾಳೆ ಬಿಡುಗಡೆ."

"ಒಂದೇ ಫಾರಂ ಸರ್. ಮಷಿನ್‌ನವರು ಹಾಕಿಕೊಡಲಿ. ನಾಳೆ ಮಧ್ಯಾಹ್ನಕ್ಕೆ ಮಡಿಸಿ, ಪಿನ್ ಹೊಡೆದು ಕೈಗೆ ಕೊಡ್ತೀವಿ."

"ಊಟಕ್ಕೂ ಏಳಲ್ಲ ಸರ್ ನಾವು," ಎಂದಳು ಪಿನ್ನಕ್ಕ.

"ಆ ಪೇಪರ್ ಮುಗಿದಿದೆಯಮ್ಮ. ಬೇರೆ ಕಡೆಯಿಂದ ತರಿಸಬೇಕು."

"ಹೋದ ವರ್ಷ ಜಾಹೀರಾತಿನ ಕಾರು ಕೆಂಪಗೆ ಬರಲಿಲ್ಲ ಅಂತ ಇಡೀ ಫಾರಂ ರದ್ದಿಗೆ ಹಾಕಿಸಿದ್ರಿ. ಅವತ್ತು ಪೇಪರ್ ಇತ್ತು. ಮತ್ತೆ ಹಾಕಿದ್ದು ನಮ್ಮನೆಯವರೇ, ಮೈತುಂಬ ಜ್ವರ ಇಟ್ಟುಕೊಂಡು."

ಮ್ಯಾನೇಜರು ಕೆಮ್ಮಿದರು. ಸಂಪಾದಕರು ಕರವಸ್ತ್ರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ನಿನಗೆ ಹೇಗೆ ಹೇಳಲಿ. ಓದುಗರ ಕಣ್ಣು ನಡುವಿಗೆ ಹೋಗುತ್ತೆ. ಅಂಚನ್ನ ಯಾರೂ ನೋಡಲ್ಲ."

"ನಾವು ನೋಡ್ತೀವಿ ಸರ್. ಅಂಚು ನೋಡೋದೇ ನಮ್ಮ ಕೆಲಸ."

"ಒಂದು ಕೆಲಸ ಮಾಡೋಣ." ಅವರ ಮುಖ ಬೆಳಗಿತು, ಒಳ್ಳೆಯ ತಲೆಬರಹ ಹೊಳೆದಾಗ ಬೆಳಗುವ ಹಾಗೆ. "ನಾಳೆ ನೀನು ಬಾ. ವೇದಿಕೆಗೆ ಕರೀತೀವಿ. ಎಲ್ಲರೆದುರಿಗೆ ಗೌರವಿಸ್ತೀವಿ. ಮುಂದಿನ ವಾರ ಆ ಫೋಟೋನೂ ಹಾಕೋಣ, ದೊಡ್ಡದಾಗಿ."

ಮಡಿಕೆಯಕ್ಕ ಅವರನ್ನೇ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವರ ಕಣ್ಣಿಗೆ ಕಣ್ಣು ಕೊಟ್ಟದ್ದು ಇದೇ ಮೊದಲು.

"ನನ್ನನ್ನ ನಿಲ್ಲಿಸೋಕೆ ಅಷ್ಟು ದೊಡ್ಡ ವೇದಿಕೆ ಇದೆ. ಅವರನ್ನ ನಿಲ್ಲಿಸೋಕೆ ಅರ್ಧ ಬೆರಳು ಜಾಗ ಇಲ್ವಾ ಸರ್?"

ಸಂಪಾದಕರು ಮೆಟ್ಟಿಲಿನ ಕಡೆ ನೋಡಿದರು. ಅವಳು ಬಿಡಲಿಲ್ಲ.

"ಸತ್ತ ಮೇಲೆ ಹೆಂಡತಿಗೆ ಗೌರವ. ಬದುಕಿದ್ದಾಗ, ಮಸಿ ತಾಗುತ್ತೆ ದೂರ ನಿಲ್ಲು. ನಿಮ್ಮ ಒಂದೊಂದು ಅಕ್ಷರಾನೂ ಆ ಮಸಿಯಿಂದಲೇ ಆಗಿದ್ದು. ಓದೋವಾಗ ಅದು ಯಾರಿಗೂ ತಾಗಲಿಲ್ವಾ?"

ಅವಳು ಬಿದಿರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ನಾನು ಇದನ್ನ ಮಡಿಸಲ್ಲ."

"ನೀನು ಮಡಿಸದಿದ್ರೆ ಇಲ್ಲಿ ಕೈಗಳಿಗೇನು ಬರವಾ?" ಎಂದರು ಮ್ಯಾನೇಜರು. "ಇವತ್ತು ಹೋದ್ರೆ ನಾಳೆ ಬರಬೇಡ."

"ಬರಲ್ಲ."

"ದುಃಖದಲ್ಲಿದ್ದಾಳೆ, ಬಿಡಿ," ಎಂದು ಸಂಪಾದಕರು ಮೆತ್ತಗೆ ಹೇಳಿ ಮೆಟ್ಟಿಲು ಹತ್ತಿದರು. ಎರಡೆರಡು ಮೆಟ್ಟಿಲು ಒಟ್ಟಿಗೆ.

ಮೇಜಿನ ನಾಲ್ಕು ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಯಾರೂ ಕೂರಲಿಲ್ಲ. ಕೂತರೆ ಮಡಿಸಬೇಕು. ಮಡಿಸದಿದ್ದರೆ ಹೋಗಬೇಕು. ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದಾನೆ. ಒಬ್ಬಳಿಗೆ ಮೂರು ಹೆಣ್ಣುಮಕ್ಕಳು. ಮಡಿಕೆಯಕ್ಕನಿಗೆ ಎಲ್ಲರ ಮನೆಯೂ ಗೊತ್ತು.

"ಕೂತ್ಕೊಳ್ರೇ," ಎಂದಳು. "ಮಡಿಸಿ. ನಿಮ್ಮನ್ನ ನಾನು ಏನೂ ಅಂದುಕೊಳ್ಳಲ್ಲ."

ಕೂತರು. ಮಡಿಸಿದರು. ಪಿನ್ನಕ್ಕ ಪಿನ್ನು ಹೊಡೆದಳು. ಆ ದಿನ ಅವಳ ಬಾಯಿಂದ ಒಂದು ಮಾತು ಬರಲಿಲ್ಲ. ಮೂಗು ಸೊರಸೊರ ಎನ್ನುತ್ತಿತ್ತು, ಪಿನ್ನು ಠಕ್ ಠಕ್ ಎನ್ನುತ್ತಿತ್ತು.

ಮಡಿಕೆಯಕ್ಕ ಹೋಗಲಿಲ್ಲ. ಕಟಿಂಗ್ ಮಷಿನ್ನಿನ ಪಕ್ಕ ಗೋಡೆಗೆ ಒರಗಿ ನಿಂತಳು. ಮಧ್ಯಾಹ್ನ ಮೊದಲ ಬಂಡಲ್ ಬಂತು. ಬ್ಲೇಡಣ್ಣ ಅಳತೆಯ ತಡೆಯನ್ನು, ಬ್ಲೇಡು ಮುಖ ಬಿಟ್ಟು ಬೀಳಲೆಂದು, ಯಾರಿಗೂ ಕಾಣದ ಹಾಗೆ ಒಂದಿಷ್ಟು ಹಿಂದೆ ಸರಿಸಿದರು. ಮ್ಯಾನೇಜರು ಬಂದು ಸ್ಕೇಲು ಹಿಡಿದು ಅದನ್ನು ಮುಂದೆ ತಳ್ಳಿದರು, ಅಲ್ಲೇ ನಿಂತರು.

"ನೀನು ಹೊರಗೆ ಹೋಗಮ್ಮ," ಎಂದರು ಬ್ಲೇಡಣ್ಣ. "ನನ್ನ ಕೈಯಲ್ಲಿ ಮಾಡಿಸ್ತಾ ಇದಾರೆ. ನೀನು ನೋಡಬೇಡ."

"ಉಸಿರು ಹೋಗುವಾಗ ಪಕ್ಕದಲ್ಲೇ ಇದ್ದೆ ಅಣ್ಣ. ಇದಕ್ಕೂ ಇರ್ತೀನಿ. ನೀವು ಮಾಡಿ."

ಬ್ಲೇಡು ಇಳಿಯಿತು. ದೊಡ್ಡ ಸದ್ದೇನಿಲ್ಲ. ಬಾಳೆಕಾಯಿ ಹೆಚ್ಚಿದಷ್ಟು.

ಸಿವುಡುಸಿವುಡಾಗಿ ಕಾಗದದ ಪಟ್ಟಿಗಳು ಬುಟ್ಟಿಗೆ ಬಿದ್ದವು. ಬಗ್ಗಿ ಒಂದನ್ನು ಎತ್ತಿದಳು. ಕಿವಿ, ಕಣ್ಣು, ಮೂಗಿನ ಏಣು, ಎತ್ತಿದ ಗಲ್ಲ. ಇನ್ನೊಂದನ್ನು ಎತ್ತಿದಳು. ಅದೇ ಕಿವಿ. ಅದೇ ಕಣ್ಣು. ಬುಟ್ಟಿ ತುಂಬುತ್ತ ಬಂತು. ಸಂಜೆಗೆ ಮೂರು ಸಾವಿರ ಸಲ ಅವಳ ಗಂಡ ಆ ಬುಟ್ಟಿಯಲ್ಲಿದ್ದರು. ರದ್ದಿಯವನ ಗಾಡಿ ಬಾಗಿಲಿಗೆ ಬಂದಿತ್ತು. ಕಾಗದ ಅರೆದು ಕಾಗದವೇ ಆಗುತ್ತದೆ, ಅದರ ಮೇಲೆ ಮತ್ತೆ ಯಾರದೋ ಮುಖ ಅಚ್ಚಾಗುತ್ತದೆ. ಅವಳು ಕೈಯಲ್ಲಿದ್ದ ಪಟ್ಟಿಗಳನ್ನು ತಿರುಗಿ ಬುಟ್ಟಿಯಲ್ಲಿಟ್ಟಳು. ಮನುಷ್ಯನನ್ನು ಹೀಗೆ ಸೀಳಿ ಮನೆಗೆ ಒಯ್ಯಲು ಅವಳಿಗೆ ಮನಸ್ಸು ಬರಲಿಲ್ಲ.

ಹೊರಡುವಾಗ ಪಿನ್ನಕ್ಕ ಒಂದು ಪ್ರತಿಯನ್ನು ಅವಳ ಕಂಕುಳಿಗೆ ತುರುಕಿದಳು. ಪಿನ್ನು ಸೊಟ್ಟಗಾದ ಪ್ರತಿಗಳನ್ನು ಕೆಲಸದವರು ಒಯ್ಯಬಹುದು. ಕತ್ತರಿಸದ ಹಾಳೆಯನ್ನು ಒಯ್ಯುವಂತಿಲ್ಲ, ಅದಕ್ಕೆ ಲೆಕ್ಕ ಇರುತ್ತದೆ. ಇದರ ಎರಡೂ ಪಿನ್ನು ಸೊಟ್ಟಗಿದ್ದವು. ಇಷ್ಟು ವರ್ಷದಲ್ಲಿ ಪಿನ್ನಕ್ಕನ ಪಿನ್ನು ಸೊಟ್ಟಗಾದದ್ದನ್ನು ಯಾರೂ ಕಂಡಿರಲಿಲ್ಲ.

*

ಮನೆಯೆಂದರೆ ಒಂದು ಕೋಣೆ. ಇನ್ನೂ ಬೆಳಕಿತ್ತು. ಅತ್ತೆ ಕಿಟಕಿಯ ಕೆಳಗೆ ಕೂತಿದ್ದರು. ಹೆಜ್ಜೆ ಸದ್ದಿಗೇ ಕತ್ತೆತ್ತಿದರು.

"ಇವತ್ತು ಗುರುವಾರ ಅಲ್ಲ. ಆದ್ರೂ ಕಾಗದದ ವಾಸನೆ ಬರ್ತಿದೆ. ಬಂತಾ?"

"ಬಂತು ಅತ್ತೆ."

ಮುದುಕಿ ಸೀರೆಯ ಸೆರಗಿಗೆ ಎರಡೂ ಕೈ ಒರೆಸಿಕೊಂಡರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನಡುವನ್ನು ತಾವೇ ತೆರೆದರು. ಪಿನ್ನು ಎಲ್ಲಿದೆಯೋ ಅದೇ ನಡು ಎಂದು ಮಗ ಹೇಳಿಕೊಟ್ಟಿದ್ದ. ಎಡಗಡೆಯ ಅಂಚನ್ನು ಬೆರಳಿನಿಂದ ಹುಡುಕಿ, ಅಲ್ಲಿ ಬೆರಳಿಟ್ಟುಕೊಂಡೇ ಪುಟವನ್ನು ಮೂಗಿನ ಹತ್ತಿರ ತಂದರು. ತುಂಬ ಹೊತ್ತು ನೋಡಿದರು.

"ಇವನು ದಪ್ಪಗಿದ್ದಾನಲ್ಲೇ. ಕೊರಳಿಗೆ ಏನೋ ಕಟ್ಟಿದ್ದಾನೆ."

ಅವಳು ಬಂದು ಪಕ್ಕದಲ್ಲಿ ಕೂತಳು.

"ಇವನು ನನ್ನ ಮಗ ಅಲ್ಲ."

ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ಸಾಲಿನಲ್ಲಿ ಇಪ್ಪತ್ತಾರು ಜನ. ಯಾರೋ ಒಬ್ಬ ಸಣ್ಣಗಿರುವವನ ಮೇಲೆ ಬೆರಳಿಟ್ಟು ಇವರೇ ಅತ್ತೆ ಎಂದರೆ ಸಾಕು. ಆ ಮಬ್ಬು ಕಣ್ಣು ನಂಬುತ್ತಿತ್ತು. ನಂಬಿ ನಿದ್ದೆ ಮಾಡುತ್ತಿತ್ತು. ಆದರೆ ಬೇರೆಯವನ ಮುಖಕ್ಕೆ ಈ ತಾಯಿಯ ಮುತ್ತು ಹೋಗುವುದನ್ನು ನೋಡಿಕೊಂಡಿರುವುದು ಹೇಗೆ?

"ಅಲ್ಲ ಅತ್ತೆ."

"ಮತ್ತೆ ಅವನೆಲ್ಲಿ?"

ಅವಳು ಅತ್ತೆಯ ಬೆರಳನ್ನು ಹಿಡಿದಳು. ಪುಟದ ಅಂಚಿನಿಂದ ಮೆಲ್ಲಗೆ ಆಚೆಗೆ ಸರಿಸಿದಳು. ಬೆರಳು ಕಾಗದ ದಾಟಿ, ಏನೂ ಇಲ್ಲದ ಕಡೆ ನಿಂತಿತು.

"ಇಲ್ಲಿದ್ರು ಅತ್ತೆ. ಕತ್ತರಿಸಿಬಿಟ್ರು."

ಬಿಡಿಸಿ ಹೇಳಿದಳು. ಮಡಿಕೆ, ಬ್ಲೇಡು, ಅರ್ಧ ಬೆರಳು, ಮೆತ್ತಗೆ ಮಾತಾಡಿದ ಸಂಪಾದಕರು, ಮೇಜಿನ ಮೇಲೆ ಬಿಟ್ಟುಬಂದ ಬಿದಿರಿನ ಪಟ್ಟಿ. ಅತ್ತೆ ಅಳಲಿಲ್ಲ. ಬೆರಳನ್ನು ಗಾಳಿಯಲ್ಲಿ ಅಲ್ಲೇ ಇಟ್ಟುಕೊಂಡಿದ್ದರು.

"ಅವತ್ತು ಹೇಳಿದ್ದ," ಎಂದರು ಕೊನೆಗೆ. "ಅಂಚಿಗೆ ಹೋಗು ಅಂದಾಗ ಹೋದೆ, ಅಲ್ಲೂ ಒಂದು ಗೇಣು ಸರಿದೇ ನಿಂತೆ ಅಮ್ಮ ಅಂತ. ಆ ಒಂದು ಗೇಣು ಸರಿಯದಿದ್ರೆ ಉಳೀತಿದ್ದನೇನೇ?"

ಉಳಿಯುತ್ತಿದ್ದರು. ಅವಳು ಲೆಕ್ಕ ಹಾಕಿದ್ದಳು.

"ಅದು ನಾನು ಕಲಿಸಿದ್ದು ಕಣೇ. ಚಿಕ್ಕವನಿದ್ದಾಗ ರಟ್ಟೆ ಹಿಡಿದು ಹಿಂದಕ್ಕೆ ಎಳೀತಿದ್ದೆ. ದೊಡ್ಡವರು ಬರ್ತಿದಾರೆ, ಸರಿದು ನಿಂತ್ಕೊ, ಸರಿದು ನಿಂತ್ಕೊ ಅಂತ. ಒಳ್ಳೇ ಮಗ ನೋಡು. ಒಂದು ಸಲವೂ ಮರೀಲಿಲ್ಲ."

ಮುದುಕಿ ಗಾಳಿಯಲ್ಲಿದ್ದ ಬೆರಳನ್ನು ಪುಟದ ಅಂಚಿಗೆ ತಂದಿಟ್ಟರು.

"ಕೆಟ್ಟದ್ದು ಕಲಿಸಿಬಿಟ್ಟೆ ಕಣೇ. ನನ್ನ ಮಗನಿಗೆ ನಾನೇ ಕೆಟ್ಟದ್ದು ಕಲಿಸಿಬಿಟ್ಟೆ."